ಹೊಟ್ಟೆಗೆ ಹಾಕಿಕೊಳ್ಳುವವರು ಯಾರು?

2021ರ ಡಿಸೆಂಬರಿನಲ್ಲಿ ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮನೆಮನೆಗೆ ಹೋಗಿ ಧಾರ್ಮಿಕ ಪುಸ್ತಕ ಹಂಚುತ್ತಿದ್ದ ಕೆಲವು ಕ್ರೈಸ್ತರನ್ನು ಹಿಂದುತ್ವ ಸಂಘಟನೆಗಳ ಕಾರ್ಯಕರ್ತರು ಅಡ್ಡಗಟ್ಟಿದರು. ಪುಸ್ತಕಗಳನ್ನು ಕಿತ್ತುಕೊಂಡು ಬೆಂಕಿಗೆ ಹಾಕಿದರು. ಪೊಲೀಸರು ಕೊಟ್ಟ ವಿವರಣೆ ಚಿಕ್ಕದು: ಮನೆಮನೆಗೆ ಪುಸ್ತಕ ಹಂಚಿ ಸಾಮರಸ್ಯ ಕೆಡಿಸಬೇಡಿ ಎಂದು ಕ್ರೈಸ್ತರಿಗೆ ಎಚ್ಚರಿಕೆ ಕೊಟ್ಟಿದ್ದೇವೆ, ಎರಡೂ ಕಡೆಯವರು ಸೌಹಾರ್ದದಿಂದ ಬಗೆಹರಿಸಿಕೊಂಡಿದ್ದಾರೆ. ಅದೇ ತಿಂಗಳು ಬೆಳಗಾವಿಯ ಅಧಿವೇಶನದಲ್ಲಿ ಮತಾಂತರ ನಿಷೇಧದ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾದ್ದರಿಂದ ರಾಜ್ಯದ ಗಮನವೆಲ್ಲ ಅತ್ತ ಹೋಯಿತು. ಆದರೆ 'ಬಗೆಹರಿಸಿಕೊಂಡಿದ್ದಾರೆ' ಎಂಬ ಆ ಮಾತು ಸುಲಭವಾಗಿ ಬಿಟ್ಟುಬಿಡುವಂಥದ್ದಲ್ಲ. ತಾಯಲೂರಿನಿಂದ ಮಾಲೂರಿನವರೆಗೆ ಯಾವ ಊರಿನ ಕಟ್ಟೆಯಲ್ಲಿ ಕೇಳಿದರೂ ರಾಜಿ ಎಂದರೇನೆಂದು ಹೇಳುತ್ತಾರೆ. ದೊಡ್ಡವರು ಕೂತು ಮಾತಾಡುತ್ತಾರೆ, ಆದದ್ದಾಯಿತು ಬಿಡಿ ಅನ್ನುತ್ತಾರೆ, ಎರಡು ಕಡೆಯವರೂ ತಲೆಯಾಡಿಸಿ ಎದ್ದು ಹೋಗುತ್ತಾರೆ. ಅಲ್ಲಿ ಆದದ್ದೇನು, ತಪ್ಪು ಯಾರದು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೇಳದೇ ಇರುವುದೇ ರಾಜಿಯ ಅನುಕೂಲ. ಪಾಪ, ಕ್ಷಮೆ ಎಂಬ ಎರಡು ಮಾತುಗಳ ಮೇಲೆ ನಿಂತ ಧರ್ಮವೊಂದರ ಜನ ಇಂಥ ರಾಜಿಗೆ ಒಪ್ಪಿಬಂದಾಗ ಅದನ್ನು ನಾವು ಅವರ ಕ್ಷಮಾಗುಣ ಅಂದುಕೊಳ್ಳುತ್ತೇವೆ, ಒಮ್ಮೊಮ್ಮೆ ಅವರೂ ಹಾಗೇ ಅಂದುಕೊಳ್ಳುತ್ತಾರೆ. ರಾಜಿ ಬೇರೆ, ಕ್ಷಮೆ ಬೇರೆ ಎನ್ನುವುದು, ಕ್ರೈಸ್ತರ ಪಾಪದ ಕಲ್ಪನೆಯನ್ನು ಅದರ ಮಾತಿನಲ್ಲೇ ಗಂಭೀರವಾಗಿ ತೆಗೆದುಕೊಂಡರೆ ಸಹನೆ ಅದರೊಳಗಿಂದಲೇ ಹುಟ್ಟಬೇಕು, ಆದರೆ ರಾಜಿ ಹುಟ್ಟುವುದಿಲ್ಲ ಎನ್ನುವುದು ನನ್ನ ವಾದ.

ಕನ್ನಡದಲ್ಲಿ 'ಪಾಪ' ವಿಚಿತ್ರವಾದ ಶಬ್ದ. ಕೊಲೆ ಮಾಡಿದವನು ಮಾಡಿದ್ದೂ ಪಾಪ, ಮಳೆಯಲ್ಲಿ ನೆನೆದು ನಿಂತ ಮುದುಕಿಯನ್ನು ಕಂಡಾಗ ಬಾಯಿಂದ ಬರುವುದೂ 'ಅಯ್ಯೋ ಪಾಪ'. ದೂಷಣೆಗೂ ಮರುಕಕ್ಕೂ ಒಂದೇ ಮಾತು. ಹಿಂದಿನ ಜನ್ಮದ ಪಾಪದಿಂದಲೇ ಈ ಜನ್ಮದ ಕಷ್ಟ ಎಂಬ ನಂಬಿಕೆಯ ನೆರಳು ಇದರಲ್ಲಿ ಇದ್ದರೂ ಇರಬಹುದು. ಆದರೆ ಹಾಗೆ ಅನ್ನುವ ಗಳಿಗೆಯಲ್ಲಿ ನಮ್ಮ ಜನ ಯಾರ ಜನ್ಮದ ಲೆಕ್ಕವನ್ನೂ ತೆಗೆಯುವುದಿಲ್ಲ, ಮನಸ್ಸು ಕರಗಿರುತ್ತದೆ ಅಷ್ಟೆ. ಕ್ರೈಸ್ತ ಬೋಧಕರು ಈ ನಾಡಿಗೆ ಬಂದು ತಮ್ಮ ಗ್ರಂಥವನ್ನು ಕನ್ನಡಕ್ಕೆ ತರುವಾಗ ಈ ಶಬ್ದವನ್ನೇ ಎತ್ತಿಕೊಂಡರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಬಳ್ಳಾರಿಯಲ್ಲಿ ಕೂತು ಮಾಡಿದ ಅನುವಾದ 1831ರ ಹೊತ್ತಿಗೆ ಪೂರ್ತಿಯಾಗಿ ಅಚ್ಚಾಯಿತು. ಗ್ರೀಕಿನ ಮೂಲದಲ್ಲಿರುವ ಶಬ್ದಕ್ಕೆ ಗುರಿ ತಪ್ಪುವುದು ಎಂಬ ಅರ್ಥವಿದೆಯಂತೆ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಂತೂ ಪಾಪಕ್ಕೂ ಸಾಲಕ್ಕೂ ಒಂದೇ ಮಾತು. ಕನ್ನಡಕ್ಕೆ ಬಂದಾಗ ಅದಕ್ಕೆ ಮರುಕದ ಅರ್ಥ ಪುಕ್ಕಟೆಯಾಗಿ ಸೇರಿಕೊಂಡಿತು. ನನ್ನನ್ನು ಕೇಳಿದರೆ ಇದು ಅನುವಾದದಲ್ಲಿ ಕೈತಪ್ಪಿ ಬಂದ ಲಾಭ. ಯಾಕೆಂದರೆ ಆ ಧರ್ಮದ ಬೋಧನೆಯಲ್ಲಿ ದೇವರು ಪಾಪಿಯನ್ನು ನೋಡುವ ನೋಟದಲ್ಲಿ ಈ ಎರಡೂ ಅರ್ಥಗಳು ಒಟ್ಟಿಗೇ ಇರಬೇಕು. ಪ್ರಸಂಗ ಪೀಠದ ಮೇಲೆ ನಿಂತವರು ಮಾತ್ರ ಹಲವು ಸಲ ಒಂದನ್ನೇ ಇಟ್ಟುಕೊಂಡು ಇನ್ನೊಂದನ್ನು ಮರೆಯುತ್ತಾರೆ.

ಸಾಲದ ಲೆಕ್ಕವನ್ನೇ ನೋಡೋಣ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಒಂದು ಕಥೆ ಹೇಳುತ್ತಾನೆ. ರಾಜನಿಗೆ ಆಳೊಬ್ಬ ಹತ್ತು ಸಾವಿರ ತಲಾಂತು ಸಾಲ ತೀರಿಸಬೇಕು. ತೀರಿಸಲಾರೆ ಎಂದು ಕಾಲಿಗೆ ಬಿದ್ದಾಗ ರಾಜ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಹೊರಗೆ ಬಂದ ಆ ಆಳು ತನಗೆ ನೂರು ದಿನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸುತ್ತಾನೆ. ಒಂದು ದಿನಾರಿ ಆ ಕಾಲದ ಒಂದು ದಿನದ ಕೂಲಿ, ಒಂದು ತಲಾಂತು ಸುಮಾರು 6,000 ದಿನಾರಿ. ಅಂದರೆ ಆಳಿನ ಸಾಲ ಆರು ಕೋಟಿ ದಿನದ ಕೂಲಿ. ಒಂದು ದಿನವೂ ತಪ್ಪದೆ ಕೆಲಸ ಸಿಕ್ಕಿ, ಒಂದು ಕಾಸೂ ಖರ್ಚು ಮಾಡದೆ ಕೂಡಿಟ್ಟರೂ ತೀರಲು 1,64,000 ವರ್ಷ ಬೇಕು. ಜೊತೆಗಾರನ ಸಾಲ ಮೂರು ತಿಂಗಳು ಚಿಲ್ಲರೆಯ ಕೂಲಿ, ಮನಸ್ಸು ಮಾಡಿದರೆ ತೀರಿಸಬಹುದಾದದ್ದು. ಒಂದಕ್ಕೆ ಆರು ಲಕ್ಷದ ಈ ಅಂತರ ಕಥೆಗಾರನ ಉತ್ಪ್ರೇಕ್ಷೆ, ಬೇಕೆಂದೇ ಮಾಡಿದ ಉತ್ಪ್ರೇಕ್ಷೆ. ಎರಡನೇ ಸಾಲ ಸುಳ್ಳೆಂದು ಕಥೆ ಹೇಳುವುದಿಲ್ಲ, ನೂರು ದಿನಾರಿಯೂ ಬಡವನಿಗೆ ಸಣ್ಣ ಮೊತ್ತವಲ್ಲ. ಆದರೆ ಆರು ಕೋಟಿಯ ಸಾಲಗಾರನಿಗೆ ವಸೂಲಿಯ ದರ್ಪ ಹೇಗೆ ಬರುತ್ತದೆ ಎಂದು ಕೇಳುತ್ತದೆ. ಕ್ರೈಸ್ತರ ಪಾಪದ ಕಲ್ಪನೆಯ ತಿರುಳು ಇಲ್ಲಿದೆ. ಮನುಷ್ಯರು ಎಷ್ಟು ಕೆಟ್ಟವರೆಂದು ಅಳೆಯುವುದು ಅದರ ಕೆಲಸವಲ್ಲ. ಅಳೆಯುವ ಕೋಲು ಹಿಡಿದವನನ್ನೂ ಸಾಲಗಾರರ ಸಾಲಿನಲ್ಲಿ ನಿಲ್ಲಿಸುತ್ತದೆ. ಪೌಲನು ತನ್ನ ಪತ್ರವೊಂದರಲ್ಲಿ ಪಾಪಿಗಳ ಪಟ್ಟಿಯಲ್ಲಿ ತನ್ನ ಹೆಸರನ್ನೇ ಮೊದಲಿಗೆ ಇಡುತ್ತಾನೆ. ಬಸವಣ್ಣನವರು ತಮ್ಮನ್ನು ಎಲ್ಲರಿಗಿಂತ ಕಿರಿಯರೆಂದು ಕರೆದುಕೊಂಡದ್ದನ್ನು ಬಲ್ಲ ಕನ್ನಡಿಗರಿಗೆ ಈ ಧಾಟಿ ಹೊಸದೇನಲ್ಲ.

ಹೀಗಿದ್ದ ಮೇಲೆ ಬೇರೆಯವರ ಪಾಪವನ್ನು ಎಣಿಸುತ್ತ ಬೀದಿಗಿಳಿಯುವ ಕ್ರೈಸ್ತ ತನ್ನ ಧರ್ಮದ ಮೊದಲ ಪಾಠಕ್ಕೇ ವಿರುದ್ಧ ನಡೆಯುತ್ತಾನೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದೆಲೆಯ ನೊಣ ತೋರಿಸಿದನಂತೆ ಎಂಬುದು ನಮ್ಮ ಗಾದೆ. ಯೇಸು ಇದನ್ನೇ ಕಣ್ಣಿನೊಳಗಿನ ತೊಲೆ ಮತ್ತು ಅಣುವಿನ ಹೋಲಿಕೆಯಲ್ಲಿ ಹೇಳಿದ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಮಿಲಾಗ್ರಿಸ್ ಬಳಿಯ ಆರಾಧನಾ ಮಠವೂ ಸೇರಿ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಯಾಯಿತು. ದಾಳಿಗೆ ಕೊಟ್ಟ ಕಾರಣಗಳಲ್ಲಿ 'ಸತ್ಯದರ್ಶಿನಿ' ಎಂಬ ಪುಸ್ತಕವೂ ಒಂದು. ಹಿಂದೂ ದೇವತೆಗಳನ್ನು ಕೀಳಾಗಿ ಬರೆದಿದೆ ಎಂಬ ಆಪಾದನೆ ಅದರ ಮೇಲಿತ್ತು. ಆ ಪುಸ್ತಕದ ಹಂಚಿಕೆಗೆ ಏನೂ ಸಂಬಂಧವಿಲ್ಲದ ಕ್ಯಾಥೊಲಿಕ್ ಸನ್ಯಾಸಿನಿಯರ ಪ್ರಾರ್ಥನಾಲಯಕ್ಕೆ ನುಗ್ಗಿ ವಿಗ್ರಹ ಒಡೆದದ್ದಕ್ಕೆ ಯಾವ ಪುಸ್ತಕವೂ ಸಮರ್ಥನೆಯಾಗದು. ದಾಳಿಗಳ ತನಿಖೆಗೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ಕೂತಿತು, 2011ರಲ್ಲಿ ವರದಿ ಬಂತು, ವರದಿಯ ಮೇಲೂ ಜಗಳವಾಯಿತು. ಆ ಜಗಳ ಹಾಗಿರಲಿ. ನೆರೆಯವನು ಕೈಮುಗಿಯುವ ದೇವರನ್ನು ಹೀಯಾಳಿಸುವ ಬರಹ ಕ್ರೈಸ್ತರದೇ ಮಾನದಂಡದಲ್ಲಿ ಪಾಪವೇ ಅಲ್ಲವೇ? ಹೌದೆಂದು ದಾಳಿಗೆ ಒಳಗಾದವರೇ ಹೇಳುವುದು ಕಷ್ಟ, ಪೆಟ್ಟು ತಿಂದವನನ್ನು ಮೊದಲು ನಿನ್ನ ತಪ್ಪು ಒಪ್ಪಿಕೋ ಎನ್ನುವುದು ಹೊಡೆದವನ ಮಾತಿನಂತೆ ಕೇಳುತ್ತದೆ. ಆದರೂ ಹೇಳಬೇಕಾದ್ದು ಇದು, ಏಕೆಂದರೆ ಹೊಡೆದವನ ತಪ್ಪು ಇದರಿಂದ ಒಂದು ಗುಲಗಂಜಿಯಷ್ಟೂ ಹಗುರವಾಗುವುದಿಲ್ಲ. ಎರಡು ಸಾಲಗಳನ್ನು ಒಂದಕ್ಕೊಂದು ವಜಾ ಹಾಕುವುದು ರಾಜಿಯ ಪದ್ಧತಿ.

ಸಹನೆಗೆ ಕ್ರೈಸ್ತರ ಗ್ರಂಥದಲ್ಲಿ ಇನ್ನೊಂದು ಆಧಾರವಿದೆ, ರೈತರಿಗೆ ಚೆನ್ನಾಗಿ ತಿಳಿಯುವಂಥದ್ದು. ಗೋಧಿಯ ಹೊಲದಲ್ಲಿ ಕಳೆ ಹುಟ್ಟಿದೆ, ಕಿತ್ತುಹಾಕಲೇ ಎಂದು ಆಳುಗಳು ಕೇಳುತ್ತಾರೆ. ಬೇಡ, ಕಳೆಯ ಜೊತೆ ಪೈರನ್ನೂ ಕಿತ್ತೀರಿ, ಕುಯ್ಲಿನವರೆಗೆ ಎರಡೂ ಬೆಳೆಯಲಿ ಎಂದು ಯಜಮಾನ ಹೇಳುತ್ತಾನೆ. ರಾಗಿ ಬೆಳೆಯುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಗಿಯ ನಡುವೆ ರಾಗಿಯದೇ ರೂಪದ ಹುಲ್ಲು ಬೆಳೆಯುತ್ತದೆ, ತೆನೆ ಹೊರಡುವ ತನಕ ಅನುಭವಿಯ ಕಣ್ಣೂ ಮೋಸಹೋಗುತ್ತದೆ. ಕಳೆ ಕಳೆಯೇ, ಅದು ಒಳ್ಳೆಯದೆಂದು ಯಜಮಾನ ಹೇಳಲಿಲ್ಲ. ಕೀಳುವ ಕೈಯನ್ನು ಅವನು ನಂಬಲಿಲ್ಲ. ಇಷ್ಟು ಸ್ಪಷ್ಟವಾದ ಮಾತನ್ನು ಕೈಯಲ್ಲಿಟ್ಟುಕೊಂಡೂ ಚರ್ಚು ಮಾಡಿದ್ದೇನು? ಐದನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್, ಮೊದಲು ಬಲಾತ್ಕಾರಕ್ಕೆ ವಿರೋಧಿಯಾಗಿದ್ದವನು, ಚರ್ಚಿನಿಂದ ಒಡೆದು ನಿಂತಿದ್ದ ಡೊನಾಟಿಸ್ಟ್ ಪಂಗಡದವರ ವಿಷಯದಲ್ಲಿ ಮನಸ್ಸು ಬದಲಿಸಿದ. ಲೂಕನ ಸುವಾರ್ತೆಯಲ್ಲಿ ಔತಣಕ್ಕೆ ಜನರನ್ನು ಒತ್ತಾಯ ಮಾಡಿ ಕರೆತನ್ನಿ ಎಂದು ಬರುವ ಮಾತನ್ನು ರಾಜದಂಡದ ಪರವಾಗಿ ಓದಿದ. ಅದೇ ಓದು ಮುಂದೆ ಸಾವಿರ ವರ್ಷ ಎಷ್ಟೋ ಚಿತೆಗಳಿಗೆ ಸೌದೆಯಾಯಿತು. ಗೋವೆಯ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆ 1560ರಲ್ಲಿ ಶುರುವಾಗಿ, ನಡುವೆ ಸ್ವಲ್ಪ ಕಾಲ ನಿಂತು, 1812ರವರೆಗೆ ನಡೆಯಿತು. 1686ರಲ್ಲಿ ಪಿಯೆರ್ ಬೇಲ್ ಎಂಬ ಫ್ರೆಂಚ್ ಪ್ರಾಟೆಸ್ಟಂಟ್ ಲೇಖಕ ಆ ಒಂದು ವಾಕ್ಯದ ಬಲಾತ್ಕಾರದ ಓದನ್ನು ತುಂಡುತುಂಡು ಮಾಡಿ ದೊಡ್ಡ ಪುಸ್ತಕವನ್ನೇ ಬರೆದ. ರೋಮಿನ ಚರ್ಚು ಧಾರ್ಮಿಕ ಸ್ವಾತಂತ್ರ್ಯ ಪ್ರತಿಯೊಬ್ಬ ಮನುಷ್ಯನ ಹಕ್ಕು ಎಂದು ಅಧಿಕೃತವಾಗಿ ಘೋಷಿಸಿದ್ದು ಎರಡನೇ ವ್ಯಾಟಿಕನ್ ಸಭೆಯ ಕೊನೆಗೆ, 1965ರ ಡಿಸೆಂಬರ್ 7ರಂದು. ಕಳೆಯ ಸಾಮತಿಯನ್ನು ಸರಿಯಾಗಿ ಓದಲು ತೆಗೆದುಕೊಂಡ ಕಾಲ ಸ್ವಲ್ಪವಲ್ಲ. ಈ ಇತಿಹಾಸವನ್ನು ಮುಂದಿಟ್ಟು ಕ್ರೈಸ್ತರ ಸಹನೆ ಸೋತಾಗಿನ ನೀತಿ, ಗೆದ್ದಾಗ ಅದಿರಲಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದನ್ನು ಸುಳ್ಳೆನ್ನಲಾಗದು. ಇಷ್ಟು ಮಾತ್ರ ಹೇಳಬಹುದು: ಆ ಚಿತೆಗಳನ್ನು ಖಂಡಿಸಲು ಹೊರಗಿನ ಅಳತೆಗೋಲು ಬೇಕಾಗಲಿಲ್ಲ, ಬೇಲ್‌ನಂಥವರು ಒಳಗಿದ್ದದ್ದರಿಂದಲೇ ಅಳೆದರು.

ನಮ್ಮಲ್ಲಿ ಹೆಚ್ಚು ಕೇಳಿಬರುವ ಆಕ್ಷೇಪ ಬೇರೆ. ತಮ್ಮ ದೇವರೊಬ್ಬನೇ ರಕ್ಷಕ ಎಂದು ನಂಬುವವರು ಬೇರೆ ಧರ್ಮದವರನ್ನು ಸಹಿಸಿಯಾರು ಹೇಗೆ, ಎಲ್ಲ ನದಿಗಳೂ ಸಮುದ್ರಕ್ಕೇ ಸೇರುತ್ತವೆ ಎನ್ನುವವರಿಗಷ್ಟೇ ಸಹನೆ ಸಾಧ್ಯ ಎನ್ನುತ್ತಾರೆ. ಕೇಳಲು ಹಿತವಾದ ಮಾತು, ಆದರೆ ಸಹನೆ ಎಂಬ ಶಬ್ದದಲ್ಲೇ ಸಹಿಸುವ ಕೆಲಸವಿದೆ. ಒಪ್ಪಿಗೆಯಿರುವಲ್ಲಿ ಸಹಿಸಲು ಏನಿದೆ? ಮುಳಬಾಗಿಲಿನಲ್ಲಿ ಹೈದರ್ ವಲಿ ದರ್ಗಾ ಇದೆ, ಊರಿನಿಂದ ಸ್ವಲ್ಪ ದೂರದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನವಿದೆ. ಶ್ರೀಪಾದರಾಜರ ದ್ವೈತ ಮಠದ ಯತಿಗಳು ಅದ್ವೈತವನ್ನು ಶತಮಾನಗಳ ಕಾಲ ಖಂಡಿಸುತ್ತ ಬಂದಿದ್ದಾರೆ, ಸರಿಯೂ ತಪ್ಪೂ ಎರಡೂ ಒಂದೇ ಎಂದು ಅವರು ಯಾವತ್ತೂ ಹೇಳಿದವರಲ್ಲ. ಹಾಗೆಂದು ಯಾರೂ ಅವರನ್ನು ಅಸಹಿಷ್ಣುಗಳೆನ್ನುವುದಿಲ್ಲ. ವಾದ ಮಾಡುವ ಹಕ್ಕು ಒಂದು ಕಡೆಗಾದರೆ ಎಲ್ಲ ಕಡೆಗೂ ಆಗಬೇಕು. ವಾದಕ್ಕೆ ಅಕ್ಕಿಯ ಚೀಲ ಜೊತೆಯಾದಾಗ ಮಾತು ಬೇರೆ. 1876–78ರ ಮಹಾಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ಬಳಲಿತೆಂದರೆ 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಆ ಬರದ ನಡುವೆ, 1877ರಲ್ಲಿ, ಮಿಸ್ ಆನ್‌ಸ್ಟೆ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥಾಲಯ ತೆರೆದರು, 1890ರಲ್ಲಿ ಅದು ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಇಂದಿಗೂ ಜನ ಇ.ಟಿ.ಸಿ.ಎಂ. ಆಸ್ಪತ್ರೆ ಎನ್ನುವುದು ಆ ಮಿಷನ್ನಿನ ನೆಲೆಯಲ್ಲಿ ಬೆಳೆದದ್ದೇ. ಹಸಿದ ಮಕ್ಕಳಿಗೆ ಅನ್ನ ಹಾಕಿದ್ದು ಪುಣ್ಯವೋ ಆಮಿಷವೋ ಎಂದು ಅಂದಿನಿಂದ ಇಂದಿನವರೆಗೆ ವಾದವಿದೆ. ಬದುಕಿ ಉಳಿದ ಮಕ್ಕಳ ಮುಂದೆ ನಿಂತು ಅದು ಆಮಿಷ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ. ಆದರೆ ಅನ್ನಕ್ಕೆ ಷರತ್ತು ಕಟ್ಟಿದ ಕಡೆಯಲ್ಲೆಲ್ಲ, ಅದು ಎಲ್ಲೇ ಆಗಿರಲಿ, ಸಾಲ ಮನ್ನಾದ ಕಥೆಯ ಆಳಿನ ಹಾಗೆ ಬೋಧಕನೇ ವಸೂಲಿಗೆ ನಿಂತಂತಾಗುತ್ತದೆ.

ಪಾಪ ಯಾವುದು ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಚರ್ಚಿನ ಸಂಬಂಧವೇ ಇಲ್ಲದ ಒಂದು ಉದಾಹರಣೆ ಇದೆ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಮೆರವಣಿಗೆಯ ಹೊತ್ತಿನಲ್ಲಿ ದಲಿತ ಬಾಲಕನೊಬ್ಬ ದೇವರಿಗೆ ಜೋಡಿಸಿದ್ದ ಕೋಲನ್ನು ಮುಟ್ಟಿದ. ಮೈಲಿಗೆಯಾಯಿತೆಂದು ಊರಿನ ಪ್ರಮುಖರು ಆ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಊರಿಗೆ ಬರಕೂಡದು ಎಂದರು. ಸುದ್ದಿ ಹೊರಬಿದ್ದು ಪ್ರಕರಣ ದಾಖಲಾದ ಮೇಲೆ ಆ ಮನೆಯವರು ದೇವರ ಪಟಗಳನ್ನು ತೆಗೆದು ಅಂಬೇಡ್ಕರ್ ಅವರ ಚಿತ್ರ ಇಟ್ಟುಕೊಂಡದ್ದು ಪತ್ರಿಕೆಗಳಲ್ಲಿ ಬಂತು. ಇಲ್ಲಿ ಮುಟ್ಟಿದ್ದು ಪಾಪ, ದಂಡ ಕಟ್ಟುವುದು ಪ್ರಾಯಶ್ಚಿತ್ತ, ಕಟ್ಟಿಸಿಕೊಂಡವರು ಕ್ಷಮಿಸುವ ಅಧಿಕಾರಸ್ಥರು. ಸುವಾರ್ತೆಗಳ ಯೇಸು ಈ ಲೆಕ್ಕವನ್ನು ಬುಡಮೇಲು ಮಾಡಿದವನು. ಯಾರೂ ಹತ್ತಿರ ಸುಳಿಯಬಾರದೆಂದಿದ್ದ ಕುಷ್ಠರೋಗಿಯನ್ನು ವಾಸಿಮಾಡುವ ಮೊದಲೇ ಕೈಚಾಚಿ ಮುಟ್ಟಿದ. ಹೊರಗಿನಿಂದ ಒಳಕ್ಕೆ ಹೋಗುವುದು ಮನುಷ್ಯನನ್ನು ಮೈಲಿಗೆ ಮಾಡದು, ಒಳಗಿನಿಂದ ಹೊರಡುವ ಕೆಡುಕೇ ಮೈಲಿಗೆ ಎಂದ. ಇದನ್ನು ಹೇಳಿ ಕ್ರೈಸ್ತರು ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ದಕ್ಷಿಣ ಭಾರತದ ಚರ್ಚುಗಳಲ್ಲಿ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನ ಇದ್ದದ್ದು ಗುಟ್ಟೇನಲ್ಲ. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಆಂಗ್ಲಿಕನ್ ಸಭೆಗಳಲ್ಲಿ ಜಾತಿಭೇದ ಕೂಡದೆಂದು ಆಜ್ಞೆ ಹೊರಡಿಸಿದಾಗ ತಂಜಾವೂರಿನ ಮೇಲುಜಾತಿಯ ಕ್ರೈಸ್ತರು ಸಭೆಯನ್ನೇ ಬಿಟ್ಟು ಹೊರನಡೆದರು. ಆಜ್ಞೆ ಬಂದು ಇನ್ನೂರು ವರ್ಷವಾಗುತ್ತ ಬಂತು. ವಧು ವರ ಹುಡುಕುವ ಹೊತ್ತಿಗೆ ಅದು ಇವತ್ತಿಗೂ ಎಷ್ಟು ಕ್ರೈಸ್ತ ಮನೆಗಳಲ್ಲಿ ನೆನಪಾಗುತ್ತದೆ ಎಂಬುದನ್ನು ಆ ಮನೆಯವರೇ ಹೇಳಲಿ.

ಈ ಪಾಪದ ಬೋಧನೆಯ ಬುಡಕ್ಕೇ ಕೊಡಲಿಯಿಟ್ಟ ಆಕ್ಷೇಪ ಅಂಬೇಡ್ಕರ್ ಅವರದು. ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಗತಿಯ ಬಗ್ಗೆ ಬರೆಯುತ್ತ ಅವರು ತೋರಿಸಿದ ಸಂಗತಿ ಇದು: ಹಿಂದೂವಾಗಿದ್ದಾಗ ತನ್ನ ದುರವಸ್ಥೆಗೆ ತನ್ನ ಕರ್ಮ ಕಾರಣ ಎಂದು ನಂಬಿದ್ದವನು, ಕ್ರೈಸ್ತನಾದ ಮೇಲೆ ಆದಿಪುರುಷನ ಪಾಪ ಕಾರಣ ಎಂದು ಕಲಿಯುತ್ತಾನೆ. ಎರಡರಲ್ಲೂ ಅವನನ್ನು ತುಳಿದವರ ಹೆಸರಿಲ್ಲ, ತುಳಿದ ವ್ಯವಸ್ಥೆಯ ಹೆಸರಿಲ್ಲ. ಪಾಪದ ಹೊರೆ ತಿರುಗಿ ಅವನ ತಲೆಗೇ ಬರುತ್ತದೆ. ಹೊಲಕ್ಕೆ ನೀರು ಬಿಡದವರ ಮೇಲೆ ಸಿಟ್ಟಾಗಬೇಕಾದವನು ತನ್ನ ಆತ್ಮದ ಮೇಲೆ ಸಿಟ್ಟಾಗುತ್ತಾನೆ. ದಲಿತ ಚಳವಳಿ ಗಟ್ಟಿಯಾಗಿ ಬೇರೂರಿದ ಕೋಲಾರದಲ್ಲಿ ಈ ಮಾತನ್ನು ಬದಿಗೆ ಸರಿಸಿ ಪಾಪದ ಬಗ್ಗೆ ಬರೆಯುವುದು ಅಪ್ರಾಮಾಣಿಕ. ಮಿಷನರಿಗಳು ಬೋಧಿಸಿದ ರೀತಿಯ ಬಗ್ಗೆ ಅಂಬೇಡ್ಕರ್ ಹೇಳಿದ್ದು ಬಹುಪಾಲು ನಿಜ ಎಂದೇ ನನ್ನ ಎಣಿಕೆ. ಬೋಧನೆಯ ಮೂಲದ ಬಗ್ಗೆ ಮಾತ್ರ ಒಂದು ಪ್ರತಿವಾದವಿದೆ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಕೇಳುತ್ತಾರೆ: ಯಾರ ಪಾಪದಿಂದ ಇವನು ಹೀಗಾದ, ಇವನದೋ ಇವನ ಹೆತ್ತವರದೋ? ನಮ್ಮ ಊರಿನ ಯಾವ ಕಟ್ಟೆಯ ಮೇಲೂ ಕೇಳಿಬರಬಹುದಾದ ಪ್ರಶ್ನೆ. ಯೇಸುವಿನ ಉತ್ತರ: ಇವನದೂ ಅಲ್ಲ, ಹೆತ್ತವರದೂ ಅಲ್ಲ. ಕಷ್ಟದಲ್ಲಿರುವವನ ಕಷ್ಟಕ್ಕೆ ಅವನ ಪಾಪವನ್ನೇ ಕಾರಣ ಮಾಡುವ ಪರಿಪಾಠ ಅಲ್ಲೇ ಮುರಿದುಬೀಳಬೇಕಿತ್ತು. ಇನ್ನು ಯೇಸುವಿಗೂ ಏಳು ಶತಮಾನಕ್ಕಿಂತ ಹೆಚ್ಚು ಹಿಂದೆ, ಕುರಿ ಕಾಯುತ್ತಿದ್ದ ಆಮೋಸನೆಂಬ ಪ್ರವಾದಿ ಪಾಪದ ಪಟ್ಟಿ ಕೊಡುವಾಗ ಎತ್ತಿ ಹೇಳಿದ್ದು ತೂಕದಲ್ಲಿ ಮೋಸ, ಬಡವರನ್ನು ಒಂದು ಜೊತೆ ಚಪ್ಪಲಿಯ ಬೆಲೆಗೆ ಮಾರುವುದು. ಮಂಡಿಯಲ್ಲಿ ಟೊಮೆಟೊ ತೂಗಿಸುವ ರೈತನಿಗೆ ಈ ಪಾಪಶಾಸ್ತ್ರ ಚೆನ್ನಾಗಿ ಅರ್ಥವಾಗುತ್ತದೆ. ಅಂಬೇಡ್ಕರ್ ಅವರ ಆಕ್ಷೇಪಕ್ಕೆ ಕ್ರೈಸ್ತರು ಕೊಡಬಹುದಾದ ಉತ್ತರ ಇಲ್ಲಿದೆ, ಆದರೆ ಅದು ಪುಸ್ತಕದಲ್ಲಿದೆ. ಬೀದಿಯಲ್ಲಿ ಅದನ್ನು ಕಂಡವರು ಕಡಿಮೆ.

ಈಗ ಕ್ಷಮೆಗೆ ಬರೋಣ. ತಪ್ಪು ಮಾಡಿದವನು ನಮ್ಮಲ್ಲಿ 'ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ' ಎನ್ನುತ್ತಾನೆ. ಕ್ಷಮೆಯ ಬಗ್ಗೆ ಇಷ್ಟು ನಿಖರವಾಗಿ ಹೇಳುವ ಮಾತು ದೇವತಾಶಾಸ್ತ್ರದ ದೊಡ್ಡ ಪುಸ್ತಕಗಳಲ್ಲೂ ಅಪರೂಪ. ತಪ್ಪು ಗಾಳಿಯಲ್ಲಿ ಕರಗಿಹೋಗುವುದಿಲ್ಲ, ಯಾರಾದರೂ ನುಂಗಬೇಕು, ನುಂಗಿದವನ ಹೊಟ್ಟೆಯಲ್ಲಿ ಅದು ಉರಿಯುತ್ತದೆ. 2018ರಲ್ಲಿ ಕರ್ನಾಟಕ ಸರ್ಕಾರ ಬೆಳೆಸಾಲ ಮನ್ನಾ ಘೋಷಿಸಿದಾಗ ರೈತನ ಪಹಣಿಯಿಂದ ಸಾಲ ಹೋದರೂ ಬ್ಯಾಂಕಿನ ಪುಸ್ತಕದಿಂದ ಹಾಗೇ ಮಾಯವಾಗಲಿಲ್ಲ. ಖಜಾನೆ ತುಂಬಿಕೊಡಬೇಕಾಯಿತು. ಕ್ರೈಸ್ತರು ಶಿಲುಬೆಯ ಬಗ್ಗೆ ಹೇಳುವುದೂ ಇದೇ ಬಗೆಯ ಲೆಕ್ಕ, ತುಂಬಿಕೊಟ್ಟವನು ಯಾರೆಂಬುದು ಅವರ ನಂಬಿಕೆ. ಆ ನಂಬಿಕೆ ಇಲ್ಲದವರೂ ಲೆಕ್ಕವನ್ನು ಒಪ್ಪಬಹುದು. ತಪ್ಪು ಒಪ್ಪಿಕೊಳ್ಳುವ 'ತಪ್ಪಾಯ್ತು' ಎಂಬ ಮೊದಲರ್ಧವನ್ನು ಬಿಟ್ಟು 'ಹೊಟ್ಟೆಗೆ ಹಾಕ್ಕೊಳ್ಳಿ' ಎಂದಷ್ಟೇ ಯಾರೂ ಹೇಳುವುದಿಲ್ಲ, ಹೇಳಿದರೆ ಅದು ಬೆದರಿಕೆಯಾಗುತ್ತದೆ. ಕ್ಯಾಥೊಲಿಕರ ಪಾಪನಿವೇದನೆಯಲ್ಲಿ ಪಶ್ಚಾತ್ತಾಪ, ಬಾಯಿಬಿಟ್ಟು ಹೇಳುವುದು, ಆದ ನಷ್ಟಕ್ಕೆ ಪರಿಹಾರ ಎಂಬ ಕ್ರಮ ಇರುವುದು ಇದಕ್ಕೇ. ಜಕ್ಕಾಯನೆಂಬ ಸುಂಕದವನು ಯೇಸು ತನ್ನ ಮನೆಗೆ ಬಂದ ದಿನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ನಿಂತು ಹೇಳಿದ. ಕ್ಷಮೆ ಸಿಗುವುದಾದರೆ ಪಾಪಕ್ಕೆ ಭಯವೇ ಇರುವುದಿಲ್ಲ, ಆರು ದಿನ ಮಾಡಿ ಏಳನೇ ದಿನ ತೊಳೆದುಕೊಳ್ಳಬಹುದು ಎಂದು ಹಾಸ್ಯ ಮಾಡುವವರಿಗೆ ಜಕ್ಕಾಯನ ಆ ನಾಲ್ಕರಷ್ಟು ಸಾಕು. ಹಾಸ್ಯಕ್ಕೆ ಎಡೆಮಾಡುವ ಕ್ರೈಸ್ತರು ಇಲ್ಲವೆಂದಲ್ಲ. ಅವರು ಹಾಸ್ಯಕ್ಕೆ ಅರ್ಹರೇ.

2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಮರುದಿನ, ಮಾರ್ಚ್ 12, ರೋಮಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಚರ್ಚಿನ ಮಕ್ಕಳು ಎರಡು ಸಾವಿರ ವರ್ಷದಲ್ಲಿ ಮಾಡಿದ ಪಾಪಗಳಿಗೆ, ಸತ್ಯದ ಹೆಸರಿನಲ್ಲಿ ಮಾಡಿದ ಹಿಂಸೆಗೆ, ಯೆಹೂದ್ಯರಿಗೆ ಮಾಡಿದ ಅನ್ಯಾಯಕ್ಕೆ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಿನಗಳು, ಕ್ಯಾಲೆಂಡರಿನಲ್ಲಿ ಮಾತ್ರ ಪಕ್ಕಪಕ್ಕ. ಆದರೆ ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಕಾಣುತ್ತದೆ. ರೋಮಿನಲ್ಲಿ ಮಾಡಿದವರ ಕಡೆಯಿಂದ ತಪ್ಪಾಯಿತು ಎಂಬ ಮಾತು ಹೊರಟಿತು, ತಡವಾಗಿಯಾದರೂ, ಸಾಲದೆಂದು ಟೀಕೆಗೆ ಒಳಗಾಗಿಯಾದರೂ. ಕಂಬಾಲಪಲ್ಲಿಯ ವಿಷಯದಲ್ಲಿ ಅದು ಬರಲೇ ಇಲ್ಲ. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಾಕ್ಷಿ ತಿರುಗಿಬಿದ್ದಾಗ ಊರು ಶಾಂತವಾಗುತ್ತದೆ, ದೂರದಿಂದ ನೋಡಿದವರಿಗೆ ಕ್ಷಮಿಸಿದರೇನೋ ಅನ್ನಿಸುತ್ತದೆ. ನಾಳೆಯೂ ಅದೇ ಬಾವಿ, ಅದೇ ಹೊಲ, ಅದೇ ಕೂಲಿ ಎಂಬ ಭಯದಿಂದ ಬಾಯಿ ಮುಚ್ಚಿದವರಿಗೆ ಕ್ಷಮಿಸುವ ಸ್ವಾತಂತ್ರ್ಯವೇ ಇರಲಿಲ್ಲ. ಕ್ಷಮಿಸದೇ ಇರಬಲ್ಲವನು ಮಾತ್ರ ಕ್ಷಮಿಸಬಲ್ಲ.

ಇದರ ಪಕ್ಕದಲ್ಲಿ ಇಡಬೇಕಾದದ್ದು ಗ್ಲ್ಯಾಡಿಸ್ ಸ್ಟೇನ್ಸ್ ಅವರ ಉದಾಹರಣೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ, ಕ್ರೈಸ್ತ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನು, ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳೊಂದಿಗೆ ವಾಹನದಲ್ಲಿ ಮಲಗಿದ್ದಾಗಲೇ ಸುಟ್ಟರು. ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಆಕೆ ಹೇಳಿದಾಗ ದೇಶ ಕೈಮುಗಿಯಿತು, 2005ರಲ್ಲಿ ಪದ್ಮಶ್ರೀ ಕೊಟ್ಟಿತು. ಹೊಗಳಿದವರು ಗಮನಿಸದೇ ಹೋದ ಭಾಗವೊಂದಿದೆ. ತನ್ನ ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ ಎಂಬ ನಿಲುವನ್ನು ಆಕೆ ಬಿಡಲಿಲ್ಲ. ನ್ಯಾಯಾಲಯ ತನ್ನ ದಾರಿಯಲ್ಲಿ ನಡೆಯಿತು. 2003ರಲ್ಲಿ ಮುಖ್ಯ ಆರೋಪಿಗೆ ಮರಣದಂಡನೆಯಾಯಿತು, 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಕೊಲೆಯ ಉದ್ದೇಶ ಸ್ಟೇನ್ಸ್‌ಗೆ ಅವರ ಧಾರ್ಮಿಕ ಚಟುವಟಿಕೆಗಳ ಬಗ್ಗೆ ಪಾಠ ಕಲಿಸುವುದಾಗಿತ್ತು ಎಂಬ ಅರ್ಥದ ಮಾತೊಂದು ಆ ತೀರ್ಪಿನಲ್ಲಿ ಸೇರಿಕೊಂಡಿತ್ತು. ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ನ್ಯಾಯಾಲಯವೇ ಅದನ್ನು ತೆಗೆದುಹಾಕಿತು. ತೆಗೆದದ್ದು ಸರಿ. ಆದರೆ ಆ ಮಾತು ಅಲ್ಲಿಗೆ ಬಂದದ್ದು ಹೇಗೆ ಎಂದು ನೋಡಿ: ತಪ್ಪನ್ನು ತಪ್ಪೆಂದು ಹೇಳುತ್ತಲೇ ಅದರ ಪಕ್ಕದಲ್ಲಿ ಒಂದು ಸಮಾಧಾನದ ಸಾಲು ಜೋಡಿಸುವ ಅಭ್ಯಾಸ ಎಷ್ಟು ಎತ್ತರದವರೆಗೂ ಏರಬಲ್ಲದು.

ಹಾಗಾದರೆ ಶ್ರೀನಿವಾಸಪುರದಲ್ಲಿ ಏನಾಗಬೇಕಿತ್ತು? ಊರು ಶಾಂತವಾಗಿರುವುದು ಮುಖ್ಯ, ಇಂಥ ಗಳಿಗೆಯಲ್ಲಿ ತತ್ತ್ವ ಹೇಳುವುದು ಬೆಂಕಿಗೆ ಸೀಮೆಣ್ಣೆ ಸುರಿದಂತೆ ಎಂದು ಪೊಲೀಸರ ಪರವಾಗಿ ವಾದಿಸಬಹುದು. ಆ ದಿನದ ಮಟ್ಟಿಗೆ ಅದು ಸರಿಯೇ ಇದ್ದೀತು. ಆದರೆ ಸುಟ್ಟವರಿಗೆ ಏನು ಹೇಳಿದರೆಂದು ತಿಳಿಸದೆ ಹಂಚಿದವರಿಗೆ ಕೊಟ್ಟ ಎಚ್ಚರಿಕೆಯನ್ನು ಮಾತ್ರ ತಿಳಿಸಿದ ರಾಜಿಯಲ್ಲಿ ತಪ್ಪು ಯಾರದೆಂಬುದು ಆಗಲೇ ಇತ್ಯರ್ಥವಾಗಿದೆ, ಕಡಿಮೆ ಬಲದವರ ವಿರುದ್ಧ. ಆ ತಿಂಗಳು ಅಂಗೀಕಾರವಾದ ಮತಾಂತರ ನಿಷೇಧದ ಮಸೂದೆ 2022ರಲ್ಲಿ ಕಾಯ್ದೆಯಾಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆ ಬರಲಿ ಹೋಗಲಿ, ಪುಸ್ತಕ ಸುಡುವುದು ಅಪರಾಧವೆಂದು ಹೇಳಲು ಯಾವ ಹೊಸ ಕಾಯ್ದೆಯೂ ಬೇಕಿರಲಿಲ್ಲ. ಕ್ರೈಸ್ತರು ಅದನ್ನು ಗಟ್ಟಿಯಾಗಿ ಹೇಳಿ, ದೂರು ಕೊಟ್ಟು, ಆಮೇಲೆ ಕ್ಷಮಿಸಿದ್ದರೆ ಅದು ಅವರ ಧರ್ಮಕ್ಕೆ ಒಪ್ಪುವ ನಡೆಯಾಗುತ್ತಿತ್ತು. ಇನ್ನೊಂದು ಕೆಲಸ ಅವರಿಗಷ್ಟೇ ಉಳಿದಿದೆ, ಅದನ್ನು ಯಾವ ಪೊಲೀಸರೂ ಮಾಡಿಸಲಾರರು. ಪರ್ವತಪ್ರಸಂಗದಲ್ಲಿ ಯೇಸು ಹೇಳುವ ಒಂದು ಮಾತಿನ ದಿಕ್ಕನ್ನು ಹೆಚ್ಚಿನವರು ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ. ಪೀಠದ ಬಳಿ ಕಾಣಿಕೆ ಒಪ್ಪಿಸುವಾಗ ನಿನಗೆ ಯಾರ ಮೇಲಾದರೂ ಸಿಟ್ಟಿರುವುದು ನೆನಪಾದರೆ ಎಂದು ಅವನು ಹೇಳಲಿಲ್ಲ. ನಿನ್ನ ಮೇಲೆ ಯಾರಿಗಾದರೂ ಮನಸ್ತಾಪ ಇರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸರಿಪಡಿಸಿಕೊಂಡು ಬಾ ಎಂದ. ಬೇರೆಯವರ ದೇವರ ಬಗ್ಗೆ ಆಡಬಾರದ ಮಾತು ಆಡಿದ್ದರೆ, ಸಭೆಯೊಳಗೆ ಜಾತಿಗೊಂದು ಸಾಲು ಉಳಿಸಿಕೊಂಡಿದ್ದರೆ, ಅನ್ನಕ್ಕೆ ಷರತ್ತು ಕಟ್ಟಿದ್ದರೆ ಹೋಗಬೇಕಾದ ಮನೆಗಳು ಯಾವುವೆಂದು ಆಯಾ ಊರಿನ ಕ್ರೈಸ್ತರಿಗೇ ಗೊತ್ತು. ಬರುವ ಭಾನುವಾರ ಕಾಣಿಕೆಯ ಚೀಲ ನಿಮ್ಮ ಸಾಲಿಗೆ ಬಂದಾಗ ಅದನ್ನು ಮುಂದಕ್ಕೆ ದಾಟಿಸಿ, ಎದ್ದು ಆ ಮನೆಗೆ ಹೋಗಿ ಬನ್ನಿ.